ಅಪ್ಪನ ಅಳತೆಯ ಬೀಗ

ಈ ಕಥೆ ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ವಾಸಿ. ಕಂಪ್ಯೂಟರ್ ಬಲ್ಲವರು ಇದರಲ್ಲಿ ಹತ್ತು ತಪ್ಪು ಹಿಡಿಯಬಹುದು, ಹೊಲಿಗೆ ಬಲ್ಲವರು ಇನ್ನೂ ಹತ್ತು. ಎರಡನ್ನೂ ಅರೆಬರೆ ಕಲಿತವರ ಕೈಗೆ ಸಿಕ್ಕ ಕಥೆ ಇಷ್ಟೇ ಆದೀತು. ಆದರೆ ಬಲ್ಲವರು ಯಾರೂ ಹೇಳುವ ಹಾಗೆ ಕಾಣಲಿಲ್ಲ. ಹಾಗಾಗಿ ಈ ಧೈರ್ಯ.

ಅದೊಂದು ಹೊಲಿಗೆ ಅಂಗಡಿ. ಉದ್ದಕ್ಕೆ ಹದಿನಾಲ್ಕು ಹೆಜ್ಜೆ, ಅಗಲಕ್ಕೆ ಆರು. ಮುಂದೆ ಗಾಜಿನ ಬಾಗಿಲು, ಹಿಂದೆ ಇಸ್ತ್ರಿ ಮೇಜು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಆ ಮೇಜಿನ ಮೂಲೆಯಲ್ಲಿ ಒಂದು ಕಂಪ್ಯೂಟರ್. ಸೀಮೆಸುಣ್ಣದ ಪುಡಿ ಕೂತು ಕೂತು ಅದರ ಕೀಲಿಮಣೆ ಹಿಟ್ಟಿನ ಡಬ್ಬಿಗೆ ಬಿದ್ದು ಎದ್ದ ಹಾಗೆ ಕಾಣುತ್ತಿತ್ತು.

ಅಂಗಡಿ ಕಟ್ಟಿದವನು ಅಪ್ಪ. ಆರು ವರ್ಷದ ಹಿಂದೆ, ಕಣ್ಣು ಮಂಜಾದ ಮೇಲೆ, ಕತ್ತರಿಯನ್ನು ದೊಡ್ಡ ಮಗಳ ಕೈಗೆ ಕೊಟ್ಟು ನಿವೃತ್ತನಾದ. ನಿವೃತ್ತಿ ಎಂದರೆ ಏನೆಂದು ಅವನಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲವೇನೋ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ತಾನೇ ಹೊಲಿದ ಬೂದು ಕೋಟು ತೊಟ್ಟು ಬಂದು, ಬಾಗಿಲ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತು, ಸಂಜೆವರೆಗೂ ಏಳುತ್ತಿರಲಿಲ್ಲ. ಎಡಗಿವಿ ಸ್ವಲ್ಪ ಮಂದ. ಬಲಗಿವಿ ಮಾತ್ರ ಬೀದಿಯಾಚೆಯ ಪಿಸುಮಾತನ್ನೂ ಬಿಡುತ್ತಿರಲಿಲ್ಲ.

ದೊಡ್ಡವಳು ಇಪ್ಪತ್ತೆರಡು ವರ್ಷದಿಂದ ಅದೇ ಮೇಜಿನ ಮುಂದೆ ನಿಂತವಳು. ಮನೆಗೆ ಬೀಗ ಹಾಕಿ, ಬೀದಿಯ ತುದಿ ಮುಟ್ಟಿ, ವಾಪಸು ಹೋಗಿ ಬೀಗ ಎಳೆದು ನೋಡುವವರ ಪೈಕಿ. ಬಟ್ಟೆಗೆ ಕತ್ತರಿ ಇಡುವ ಮುಂಚೆ ಮೂರು ಸಲ ಅಳೆಯುತ್ತಿದ್ದಳು. ಇಟ್ಟ ಮೇಲೆ, ಏನೂ ಮಾಡಲಾಗದಿದ್ದರೂ, ನಾಲ್ಕನೆಯ ಸಲ. ಅವಳು ಕತ್ತರಿಸಿದ ಕೋಟುಗಳೆಲ್ಲ ಅಪ್ಪನ ಹೆಸರಿನ ಪಟ್ಟಿ ಹೊತ್ತು ಹೊರಗೆ ಹೋಗುತ್ತಿದ್ದವು. ಅದಕ್ಕೆ ಅವಳ ತಕರಾರೇನೂ ಇರಲಿಲ್ಲ. ತಕರಾರಿಲ್ಲ ಎಂದು ಅವಳೇ ತನಗೆ ಆಗಾಗ ಹೇಳಿಕೊಳ್ಳುತ್ತಿದ್ದಳು.

ಚಿಕ್ಕವಳು, ಅಂದರೆ ತಂಗಿ, ದೂರದ ಊರಿನ ಒಂದು ನಾಟಕಮಂದಿರದ ಉಡುಪು ಕೋಣೆಯಲ್ಲಿ ಕೆಲಸಕ್ಕಿದ್ದಳು. ಹೊಸ ನಾಟಕವೊಂದರಲ್ಲಿ ಹಾಡುವ ಸೇನಾಪತಿಯೊಬ್ಬನಿಗೆ ನಿಂತ ಕಾಲರಿನ ಕೋಟು ಬೇಕಾಗಿತ್ತು. ನಿಂತ ಕಾಲರು ಅಪ್ಪನ ಕೈಚಳಕ. ಒಳಗೆ ಗಟ್ಟಿ ಬಟ್ಟೆ ಇಡದೆ ಬರೀ ಕತ್ತರಿಯ ಬಲದಿಂದ ಅದನ್ನು ನಿಲ್ಲಿಸುತ್ತಿದ್ದ. ಆದರೆ ಹಾಡುವವನಿಗೆ ಅದು ಗಂಟಲು ಹಿಡಿಯುತ್ತದೆ. ದೊಡ್ಡವಳು ಮೂರು ತಿಂಗಳು ಕೂತು, ಎರಡು ತುಂಡಿನ ಕಾಲರನ್ನು ಮೂರು ತುಂಡು ಮಾಡಿ, ಕತ್ತು ತಿರುಗಿದ ಕಡೆಗೆ ತಾನೂ ತಿರುಗುವ ಹಾಗೆ ಕಂದು ಕಾಗದದ ಮೇಲೆ ನಕ್ಷೆ ಬರೆದಳು. ತಂಗಿ ಅದನ್ನು ಉಡುಪು ಕೋಣೆಯ ಮುಖ್ಯಸ್ಥೆಗೆ ಬಾಯಲ್ಲೇ ವಿವರಿಸಿದಾಗ ಆಕೆ ಹೇಳಿದ್ದು ಇಷ್ಟು: ಬುಧವಾರ ಮೂರು ಗಂಟೆಗೆ ಬಟ್ಟೆ ಮೇಜಿನ ಮೇಲೆ ಹಾಸುತ್ತೇವೆ. ಅಷ್ಟರೊಳಗೆ ನಕ್ಷೆ ಬಂದರೆ ಅದರಂತೆ ಕತ್ತರಿಸುತ್ತೇವೆ, ನಕ್ಷೆ ಬರೆದುಕೊಟ್ಟವರ ಹೆಸರು ಪ್ರೇಕ್ಷಕರಿಗೆ ಹಂಚುವ ನಾಟಕದ ಹಾಳೆಯಲ್ಲಿ ಅಚ್ಚಾಗುತ್ತದೆ. ಬರದಿದ್ದರೆ ನಮ್ಮ ಹಳೆಯ ನಕ್ಷೆ ಇದ್ದೇ ಇದೆ.

ನಕ್ಷೆ ಬರೆದುಕೊಟ್ಟವರ ಹೆಸರು. ದೊಡ್ಡವಳು ಆ ಮಾತನ್ನು ಕೇಳಿದ ದಿನ ಒಂದೇ ತೋಳನ್ನು ಎರಡು ಸಲ ಇಸ್ತ್ರಿ ಮಾಡಿದಳು.

ಅಪ್ಪ ಒಪ್ಪಿದ, ಆದರೆ ಷರತ್ತು ಹಾಕಿದ. ಹಿಂದೊಮ್ಮೆ ಅವನು ಜೇಬಿನ ಮುಚ್ಚಳ ಕತ್ತರಿಸುವ ರೀತಿ ಎದುರಂಗಡಿಯ ದರ್ಜಿಯ ಕಿಟಕಿಯಲ್ಲಿ ಹದಿನೈದೇ ದಿನದಲ್ಲಿ ಪ್ರತ್ಯಕ್ಷವಾಗಿತ್ತು. ಅಂಗಡಿಯ ಮೇಲ್ ಖಾತೆಯ ಪಾಸ್‌ವರ್ಡನ್ನು ಅಪ್ಪನೇ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ ಎಂಬುದು ಆಮೇಲೆ ಹೊಳೆಯಿತು. ಅದನ್ನು ಕಿತ್ತು ಹಾಕಲು ಮಾತ್ರ ಯಾರಿಗೂ ಪುರುಸೊತ್ತಾಗಿರಲಿಲ್ಲ.

“ಅಂಗಡಿ ಮೇಲ್ ಬೇಡ,” ಅಂದ. “ನಿಂದೇ ಸ್ವಂತದ್ದು ಒಂದಿದೆಯಲ್ಲ, ಸಂಜೆ ಕಂಪ್ಯೂಟರ್ ಕ್ಲಾಸಲ್ಲಿ ಮಾಡ್ಕೊಂಡಿದ್ದು?”

“ಇದೆ. ಅದರಿಂದ ಇಲ್ಲೀವರೆಗೆ ಕ್ಲಾಸಿನ ಮೇಡಂಗೆ ಮಾತ್ರ ಕಳಿಸಿದೀನಪ್ಪ. ಅದೂ ‘ನಮಸ್ಕಾರ, ಇದು ಪರೀಕ್ಷೆಗಾಗಿ’ ಅಂತ.”

“ಮೇಡಂ ಏನಂದ್ರು?”

“‘ತಲುಪಿದೆ’ ಅಂದ್ರು.”

“ಮತ್ತಿನ್ನೇನು. ಒಳ್ಳೇ ಮೇಲ್ ಇರಬೇಕು ಅದು.”

ಸಂಜೆ ತರಗತಿಯ ಮೇಡಂ ಕಲಿಸಿದ್ದನ್ನು ದೊಡ್ಡವಳು ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದು ಬರೆದಿಟ್ಟಿದ್ದಳು. ಬ್ರೌಸರ್ ತೆರೆದು ನೋಡುವ ಆ ವೆಬ್‌ಮೇಲಿನಲ್ಲಿ ಬರೆಯುವ ಜಾಗದ ಕೆಳಗೆ ಒಂದು ಪುಟ್ಟ ಬೀಗದ ಚಿತ್ರವಿದೆ. ಅದನ್ನು ಒತ್ತಿ ಪಾಸ್‌ವರ್ಡ್ ಕೊಟ್ಟರೆ ಪತ್ರ ಎನ್‌ಕ್ರಿಪ್ಟ್ ಆಗುತ್ತದೆ. ಅಂದರೆ ಕೋಟನ್ನು ಎಳೆ ಎಳೆ ಬಿಚ್ಚಿ ಕಲಸಿ ಚೀಲಕ್ಕೆ ತುಂಬಿದ ಹಾಗೆ. ದಾರಿಯಲ್ಲಿ ಯಾರು ಚೀಲ ತೆರೆದರೂ ಸಿಗುವುದು ನೂಲಿನ ಗೋಜಲು. ಪಾಸ್‌ವರ್ಡ್ ಗೊತ್ತಿದ್ದವರ ಕೈಯಲ್ಲಿ ಮಾತ್ರ ಅದು ಮತ್ತೆ ಕೋಟಾಗುತ್ತದೆ. ಐದು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಪತ್ರ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಪಾಸ್‌ವರ್ಡನ್ನು ಅದೇ ಪತ್ರದಲ್ಲಿ ಬರೆಯಬಾರದು. ಈ ಕೊನೆಯ ವಾಕ್ಯಕ್ಕೆ ಎರಡು ಗೆರೆ.

ಅಪ್ಪನಿಗೆ ಈ ಏರ್ಪಾಡು ಬಹಳ ಹಿಡಿಸಿತು. ಮಂಗಳವಾರ ಸಂಜೆ ತಾನೇ ಚಿಕ್ಕವಳಿಗೆ ಫೋನ್ ಮಾಡಿದ.

“ಪಾಸ್‌ವರ್ಡ್ ಫೋನಲ್ಲಿ ಹೇಳಲ್ಲ. ನನ್ನ ಕೋಟು. ಅಷ್ಟೇ. ತಿಳೀತಾ?”

“ತಿಳೀತು. ಅಂಗಡಿ ಕ್ರಮದಲ್ಲೇನಾ?”

“ಇನ್ಯಾವ ಕ್ರಮ ಇದೆ ಪ್ರಪಂಚದಲ್ಲಿ?”

ಅಂಗಡಿಯ ಕ್ರಮವೆಂದರೆ ಉದ್ದ, ಭುಜ, ತೋಳು, ಎದೆ, ಸೊಂಟ, ಕೊರಳು. ಅಕ್ಕತಂಗಿಯರು ಮಗ್ಗಿ ಕಲಿಯುವ ಮುಂಚೆ ಅಪ್ಪನ ಕೋಟಿನ ಅಳತೆ ಕಲಿತವರು. ಮೂವತ್ತು, ಹದಿನೆಂಟು, ಇಪ್ಪತ್ತೈದು, ನಲವತ್ತು, ಮೂವತ್ತಾರು, ಹದಿನಾರು. ನಿದ್ದೆಯಲ್ಲಿ ತಟ್ಟಿ ಕೇಳಿದರೂ ಇಬ್ಬರೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು.

ಇಲ್ಲಿ ಆ ಅಂಗಡಿಯ ಎರಡು ಕಟ್ಟಳೆ ಹೇಳಲೇಬೇಕು. ಒಂದು: ಅಳತೆಯನ್ನು ನೆನಪಿನಿಂದ ಬರೆಯಕೂಡದು. ಎಷ್ಟೇ ಹಳೆಯ ಗಿರಾಕಿಯಾಗಲಿ, ಟೇಪು ಹಿಡಿದೇ ಬರೆಯಬೇಕು. ಎರಡು: ನಿಜವಾದ ಅಂಕಿಯನ್ನು ಗಿರಾಕಿಯ ಕಿವಿಗೆ ಹಾಕಕೂಡದು. ಹೊಟ್ಟೆ ಬೆಳೆದವರು, ಮೈ ಇಳಿದವರು, ಯಾರಿಗೂ ತಮ್ಮ ಅಳತೆ ಕೇಳಿ ಖುಷಿಯಾಗುವುದಿಲ್ಲ. ಹಾಗಾಗಿ ಅಪ್ಪ ಹೋದ ಸಲದ ಅಂಕಿಯನ್ನೇ ಜೋರಾಗಿ ಕೂಗುತ್ತಿದ್ದ, ಹಿಂದೆ ಒಂದು ಮಾತು ಸೇರಿಸುತ್ತಿದ್ದ. ಬರೀ “ಬರ್ಕೊ” ಅಂದರೆ ಇದ್ದದ್ದು ಇದ್ದ ಹಾಗೆ. “ಸರಿಯಾಗಿ ಬರ್ಕೊ” ಅಂದರೆ ಒಂದಿಂಚು ಜಾಸ್ತಿ. “ನಿಧಾನವಾಗಿ ಬರ್ಕೊ” ಅಂದರೆ ಒಂದಿಂಚು ಕಮ್ಮಿ. “ನಿಧಾನ, ನಿಧಾನ” ಅಂದರೆ ಎರಡಿಂಚು. ಚೀಟಿ ಹಿಡಿದ ಹುಡುಗಿಯರು ನಿಜವನ್ನು ಬರೆದುಕೊಳ್ಳುತ್ತಿದ್ದರು; ಗಿರಾಕಿ ಎದೆಯುಬ್ಬಿಸಿಕೊಂಡು ಹೊರಗೆ ಹೋಗುತ್ತಿದ್ದ.

ಬುಧವಾರ ಬೆಳಿಗ್ಗೆ ದೊಡ್ಡವಳಿಗೆ ದಿಗಿಲು ಹತ್ತಿತು. ಪಾಸ್‌ವರ್ಡ್ ಎಂಬುದು ಒಂದು ಅಂಕಿ ಆಚೀಚೆಯಾದರೂ ಕೆಡುವ ವಸ್ತು. ಅದನ್ನು ನೆನಪಿನಿಂದ ಹಾಕುವುದೇ? ಕಾಲರು ನೋಡುವ ನೆಪ ಹೇಳಿ ಅಪ್ಪನನ್ನು ಸ್ಟೂಲಿನಿಂದ ಎಬ್ಬಿಸಿ, ಕೋಟಿನ ಒಳಗಿನಿಂದ ಮೈಗೆ ಟೇಪು ಹಿಡಿದಳು.

ಉದ್ದ ಇಪ್ಪತ್ತೊಂಬತ್ತು.

ಟೇಪನ್ನು ಬಿಟ್ಟು ಮತ್ತೆ ಹಿಡಿದಳು. ಇಪ್ಪತ್ತೊಂಬತ್ತೇ. ಭುಜ ಹದಿನೇಳು. ಎದೆಗೆ ಬಂದಾಗ ಮೂವತ್ತೆಂಟು. ದಿನಾ ಕಣ್ಣೆದುರಿಗೇ ಕೂತಿರುವ ಮನುಷ್ಯ ಯಾವಾಗ ಇಷ್ಟು ಇಳಿದುಹೋದ ಎಂದು ಅವಳಿಗೆ ತಿಳಿಯಲಿಲ್ಲ. ಬೂದು ಕೋಟು ಅದನ್ನೆಲ್ಲ ಒಳಗೇ ಬಚ್ಚಿಟ್ಟುಕೊಂಡಿತ್ತು.

“ಎಷ್ಟಿದೆ?” ಅಪ್ಪ ಕೇಳಿದ.

“ನಲವತ್ತು,” ಅಂದಳು.

“ಇರಲೇಬೇಕಲ್ಲ,” ಅಂದ ಅಪ್ಪ, ಸ್ಟೂಲು ಹತ್ತುತ್ತಾ. “ಮೂವತ್ತು ವರ್ಷದಿಂದ ಒಂದು ಗುಂಡಿ ಜರುಗಿಸಿಲ್ಲ ನಾನು.”

ಅವಳು ಬಾಯಲ್ಲಿ ಹಳೆಯದನ್ನು ಹೇಳಿ ಚೀಟಿಯಲ್ಲಿ ಟೇಪು ಹೇಳಿದ್ದನ್ನು ಬರೆದಳು. ಇಪ್ಪತ್ತೆರಡು ವರ್ಷ ಕೈ ಮಾಡಿಕೊಂಡು ಬಂದದ್ದು ಅದೇ. ಆಮೇಲೆ ಕಾಗದದ ನಕ್ಷೆಯನ್ನು ಹನ್ನೆರಡು ಭಾಗವಾಗಿ, ಪ್ರತಿ ಭಾಗಕ್ಕೂ ಪಕ್ಕದಲ್ಲಿ ಟೇಪು ಹಾಸಿ, ನೆರಳು ಬೀಳದ ಹಾಗೆ ಕುರ್ಚಿ ಹತ್ತಿ ಫೋಟೋ ತೆಗೆಯುವುದರಲ್ಲೇ ಎರಡು ಗಂಟೆ ಹೋಯಿತು. ಒಂದೂವರೆಗೆ ಚೀಟಿ ನೋಡಿಕೊಂಡು ಹನ್ನೆರಡು ಅಂಕಿ ಒತ್ತಿ, ಬೀಗ ಮುಚ್ಚಿದ್ದನ್ನು ಮೂರು ಸಲ ನೋಡಿ, ಕಳಿಸಿದಳು.

ಅಪ್ಪ ಹಿಂದೆಯೇ ಬಂದು ನಿಂತಿದ್ದ. “ಈಗ ಅಳಿಸು.”

“ಏನನ್ನ?”

“ಫೋಟೋಗಳನ್ನ. ಎದುರಿನವನು ಬರ್ತಾನೆ ಈಗ.”

ಅಳಿಸಿದಳು. ಅಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. “ಇಲ್ಲಿ ‘ಕಳಿಸಿದ್ದು’ ಅಂತ ಇನ್ನೊಂದು ಕೂತಿದೆಯಲ್ಲ, ಅದನ್ನೂ ತೆಗಿ.” ತೆಗೆದಳು. “ಕಸದ ಬುಟ್ಟಿ?” ಅದನ್ನೂ ಖಾಲಿ ಮಾಡಿಸಿದ. ಮಂಜುಗಣ್ಣಿನ ಮನುಷ್ಯನಿಗೆ ಅದೆಲ್ಲ ಹೇಗೆ ಕಂಡಿತೋ.

ಎದುರಂಗಡಿಯ ದರ್ಜಿ ಎರಡು ಗಂಟೆಗೆ ನಿಜವಾಗಿಯೂ ಬಂದ. ಅವನ ಕಾಜಾ ಯಂತ್ರ ಕೆಟ್ಟಿತ್ತು. ಕೈಯಲ್ಲಿ ಆರು ಅಂಗಿ. ಗುಂಡಿಯ ತೂತುಗಳನ್ನು ಇಲ್ಲಿಯ ಯಂತ್ರದಲ್ಲಿ ಹೊಲಿಸಿಕೊಂಡು ಹೋಗಬೇಕಿತ್ತು. ಈ ಇಬ್ಬರು ಮುದುಕರು ಒಬ್ಬರು ಕತ್ತರಿಸುವ ರೀತಿಯನ್ನು ಇನ್ನೊಬ್ಬರು ಕದಿಯುತ್ತಾ, ಒಬ್ಬರ ಸೂಜಿಯನ್ನು ಇನ್ನೊಬ್ಬರು ಸಾಲ ತರುತ್ತಾ ಮೂವತ್ತು ವರ್ಷ ಕಳೆದಿದ್ದರು.

“ಏನ್ ಯಜಮಾನ್ರೇ, ಮೇಜೆಲ್ಲ ಖಾಲಿ? ಏನೋ ಬಚ್ಚಿಟ್ಟ ಹಾಗಿದೆ.”

“ನೀನು ಬರೋದು ಗೊತ್ತಾಯ್ತು, ಗುಡಿಸಿಟ್ವಿ,” ಅಂದ ಅಪ್ಪ.

ಎರಡು ಇಪ್ಪತ್ತಕ್ಕೆ ಗೋಡೆಯ ಫೋನು ಬಡಿದುಕೊಂಡಿತು. ಅಪ್ಪನೇ ಎತ್ತಿ, ಎಡಗಿವಿಯ ಸಲುವಾಗಿ ಯಾವತ್ತೂ ಮಾಡುವಂತೆ, ಸ್ಪೀಕರ್ ಒತ್ತಿದ.

“ಅಕ್ಕ ಇದಾಳಾ?” ಚಿಕ್ಕವಳ ದನಿ ಅಂಗಡಿ ತುಂಬಿತು. “ಅದು ತೆರ್ಕೊಳ್ತಾ ಇಲ್ಲ.”

ದೊಡ್ಡವಳ ಕೈಯ ಸೀಮೆಸುಣ್ಣ ಎರಡಾಯಿತು. “ಎಷ್ಟು ಸಲ ನೋಡ್ದೆ?”

“ಮೂರು. ಮೊದಲನೇ ಸಲ ಕೈ ತಪ್ಪಿತೇನೋ ಅಂದ್ಕೊಂಡೆ. ಎರಡನೇ ಸಲ ಒಂದೊಂದೇ ಒತ್ತಿದೆ. ಮೂರನೇ ಸಲ ಪಕ್ಕದವಳಿಗೆ ಹೇಳಿ ಒತ್ತಿಸಿದೆ.”

“ಪಕ್ಕದವಳಿಗೆ ಯಾಕೆ ಹೇಳಿದೆ?” ಅಪ್ಪ ಗುಡುಗಿದ.

“ಅವಳಿಗೆ ಅದೇನು ಅಂತ ಎಲ್ಲಿ ಗೊತ್ತಪ್ಪ. ಅವಳು ಬ್ಯಾಂಕಿನ ನಂಬರ್ ಅಂದ್ಕೊಂಡ್ಲು.”

ಎದುರಂಗಡಿಯವನು ಹೊಲಿಯುತ್ತಿದ್ದ ಯಂತ್ರ ನಿಂತಿತು. ಕಿವಿಗೆ ಎಣ್ಣೆ ಬಿಟ್ಟ ಹಾಗೆ ಅವನು ತಲೆ ಓರೆ ಮಾಡಿದ.

“ಹಿಂದು ಮುಂದು ಮಾಡಿ ನೋಡ್ಲಾ?” ಅಂದಳು ಚಿಕ್ಕವಳು. “ಕೊರಳಿಂದ ಶುರು?” ಯಾರೂ ಬೇಡ ಅನ್ನುವ ಮುಂಚೆ ಟಕ ಟಕ ಸದ್ದು. ಆಮೇಲೆ, “ಹೋಯ್ತು. ನಾಲ್ಕಾಯ್ತು. ಇನ್ನೊಂದೇ ಸಲ ಅಂತ ಕೆಂಪಕ್ಷರದಲ್ಲಿ ಬರ್ತಿದೆ. ಮುಖ್ಯಸ್ಥೆ ಬಟ್ಟೆ ಕಟ್ಟು ಬಿಚ್ತಾ ಇದಾರೆ ಅಕ್ಕ.”

“ಕೈ ಕಟ್ಕೊಂಡು ಕೂತ್ಕೊ. ಏನೂ ಒತ್ತಬೇಡ,” ಅಂದಳು ದೊಡ್ಡವಳು.

ಇನ್ನೊಮ್ಮೆ ಫೋಟೋ ತೆಗೆಯಲು ಎರಡು ಗಂಟೆ ಬೇಕು. ಇದ್ದದ್ದು ನಲವತ್ತು ನಿಮಿಷಕ್ಕೂ ಕಮ್ಮಿ. ತಪ್ಪು ತನ್ನದೇ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ, ಯಾವತ್ತೂ ಇರುತ್ತಿರಲಿಲ್ಲ. ಯಾವ ತಪ್ಪು ಎಂಬುದಷ್ಟೇ ಹುಡುಕಬೇಕಿತ್ತು. ಒಂದು ಅಂಕಿ ಎರಡು ಸಲ ಒತ್ತಿದೆನೇ? ಕೀಲಿಮಣೆಯ ಸೀಮೆಸುಣ್ಣದ ಪುಡಿ ಅಡ್ಡ ಬಂತೇ? ಮುಂಗೈ ಪಟ್ಟಿಯ ಸೂಜಿದಿಂಬಿಗೆ ಸಿಕ್ಕಿಸಿದ್ದ ಚೀಟಿಯನ್ನು ಬಿಡಿಸಿ ನೋಡಿದಳು. ಇಪ್ಪತ್ತೊಂಬತ್ತು, ಹದಿನೇಳು, ಇಪ್ಪತ್ತೈದು, ಮೂವತ್ತೆಂಟು, ಮೂವತ್ತಾರು, ಹದಿನೈದು.

ಬೀಗ ಹಾಕಿದ್ದು ಇವತ್ತಿನ ಅಪ್ಪನ ಅಳತೆಯಿಂದ. ತಂಗಿ ತೆಗೆಯುತ್ತಿರುವುದು ತಾವು ಚಿಕ್ಕವರಿದ್ದಾಗಿನ ಅಪ್ಪನ ಅಳತೆಯಿಂದ.

ಸರಿ, ಹೇಳಿಬಿಟ್ಟರೆ ಮುಗಿಯಿತು. ಆದರೆ ಹೇಗೆ ಹೇಳುವುದು? ಒಂದು ಕಡೆ ಎದುರಂಗಡಿಯವನು ಕಾಜಾ ಬಿಟ್ಟು ಕೂತಿದ್ದಾನೆ. ಇನ್ನೊಂದು ಕಡೆ ಅಪ್ಪ, ಮೂವತ್ತು ವರ್ಷದಿಂದ ಗುಂಡಿ ಜರುಗಿಸದ ಅಪ್ಪ, ಬಲಗಿವಿಯನ್ನು ಫೋನಿನ ಕಡೆಗೆ ಕೊಟ್ಟು ನಿಂತಿದ್ದಾನೆ.

“ನಾನು ಹೊರಗೆ ಹೋಗಿ ನನ್ನ ಫೋನಿಂದ ಮಾತಾಡ್ತೀನಿ,” ಅಂದಳು.

“ಯಾಕೆ? ನನ್ನ ಅಂಗಡಿ ವಿಷಯ ನನ್ನಿಂದಲೇ ಮುಚ್ಚಿಟ್ಟು ಮಾತಾಡ್ಬೇಕಾ?” ಅಂದ ಅಪ್ಪ. ದನಿ ತಗ್ಗಿಸಿದೆ ಎಂದುಕೊಂಡು ಜೋರಾಗಿಯೇ ಮುಂದುವರಿಸಿದ: “ಇವನೊಬ್ಬ ಇದಾನೆ, ಜಾಗ್ರತೆ.”

“ಇವನು ಏನೂ ಕೇಳಿಸ್ಕೊಳ್ತಾ ಇಲ್ಲ,” ಅಂದ ಎದುರಂಗಡಿಯವನು.

ಆಗ ಅವಳಿಗೆ ಹೊಳೆಯಿತು. ಹೊಳೆದ ಕೂಡಲೇ ಭಯವೂ ಆಯಿತು, ಯಾಕೆಂದರೆ ಆ ಉಪಾಯ ಕಂಡುಹಿಡಿದವನು ಎರಡು ಮಾರು ದೂರದಲ್ಲೇ ನಿಂತಿದ್ದ. ಆದರೆ ಬೇರೆ ದಾರಿ ಕಾಣಲಿಲ್ಲ. ಫೋನಿನ ಮುಂದೆ ನಿಂತು, ಗಿರಾಕಿಯ ಅಳತೆ ಕೂಗುವ ಹಳೆಯ ದನಿಯಲ್ಲಿ ಶುರು ಮಾಡಿದಳು.

“ಚಿಕ್ಕೀ, ಪೆನ್ನು ತಗೊ. ಅಂಗಡಿಯಲ್ಲಿ ಚೀಟಿ ಹಿಡೀತಿದ್ದೆಯಲ್ಲ, ಹಾಗೆ.”

ಆ ಕಡೆ ಕಾಗದ ಎಳೆದುಕೊಂಡ ಸದ್ದು. “ಹಾಗೇನಾ?”

“ಹಾಗೇ. ಉದ್ದ ಮೂವತ್ತು, ನಿಧಾನವಾಗಿ ಬರ್ಕೊ.”

“ಹ್ಞೂಂ.”

“ಭುಜ ಹದಿನೆಂಟು, ನಿಧಾನವಾಗಿ ಬರ್ಕೊ. ತೋಳು ಇಪ್ಪತ್ತೈದು, ಬರ್ಕೊ.” ಅವಳು ಗೋಡೆಯನ್ನೇ ನೋಡುತ್ತಿದ್ದಳು. “ಎದೆ ನಲವತ್ತು. ನಿಧಾನ, ನಿಧಾನ.”

ಚಿಕ್ಕವಳ ಪೆನ್ನು ನಿಂತದ್ದು ಇಲ್ಲಿಗೂ ತಿಳಿಯಿತು. “ಎರಡು ಸಲವಾ ಅಕ್ಕ?”

“ಎರಡು ಸಲ.”

“ನೀನೇ ನೋಡಿದ್ಯಾ?”

“ಟೇಪು ಹಿಡಿದು ನೋಡಿದೀನಿ. ಸೊಂಟ ಮೂವತ್ತಾರು, ಬರ್ಕೊ. ಕೊರಳು ಹದಿನಾರು, ನಿಧಾನವಾಗಿ ಬರ್ಕೊ. ಈಗ ಒತ್ತು. ಒಂದೊಂದೇ.”

ಎದುರಂಗಡಿಯವನು ತೊಡೆಯ ಮೇಲೆ ಬೆರಳಿನಿಂದ ಅಂಕಿ ಬರೆದುಕೊಳ್ಳುತ್ತಿದ್ದ. “ನಲವತ್ತು ಎದೆ,” ಅಂದ ಮೆಚ್ಚಿಕೆಯಿಂದ. “ಒಳ್ಳೇ ಆಳು. ಯಾರು, ಪೈಲ್ವಾನನಾ?”

“ಕಾಜಾ ಹೊಲಿಯಯ್ಯ,” ಅಂದ ಅಪ್ಪ.

ಫೋನಿನಲ್ಲಿ ಒಂದೊಂದೇ ಟಕ್ ಕೇಳಿಸಿತು. ದೊಡ್ಡವಳು ಎಣಿಸಿದಳು. ಹನ್ನೆರಡು. ಪತ್ರ ತೆರೆಯಿತೋ ಇಲ್ಲವೋ ತಿಳಿಯುವಷ್ಟರಲ್ಲಿ ಅವಳು ತನ್ನ ಹೆಸರಿಲ್ಲದ ನಾಟಕದ ಹಾಳೆಯನ್ನು ನೋಡಿಕೊಂಡು, ಅದಕ್ಕೆ ಒಗ್ಗಿಕೊಂಡು, ತಂಗಿಗೆ ಸಮಾಧಾನ ಹೇಳುವ ಎರಡು ವಾಕ್ಯವನ್ನೂ ಜೋಡಿಸಿಟ್ಟುಕೊಂಡಳು.

“ಬಂತು,” ಅಂದಳು ಚಿಕ್ಕವಳು. “ಹನ್ನೆರಡೂ ಬಂತು. ಅಕ್ಕ, ನಿನ್ನ ನೆರಳು ಒಂದರಲ್ಲೂ ಬಿದ್ದಿಲ್ಲ.” ಅವಳ ದನಿ ಒದ್ದೆಯಾಗಿತ್ತು. ಪತ್ರ ತೆರೆದ ಸಂತೋಷಕ್ಕೆ ಇಷ್ಟು ಒದ್ದೆ ಬೇಕಿಲ್ಲ ಎಂದು ದೊಡ್ಡವಳಿಗೆ ಗೊತ್ತಿತ್ತು. “ಇಡ್ತೀನಿ. ಓಡ್ಬೇಕು.”

ನಾಲ್ಕಕ್ಕೆ ಮತ್ತೆ ಫೋನ್ ಬಂತು. ಕಾಗದದಲ್ಲಿ ಕಾಲರು ಕತ್ತರಿಸಿ ಗೊಂಬೆಯ ಕತ್ತಿಗೆ ಸುತ್ತಿ ನೋಡಿದ್ದಾರೆ. ಹಾಡುವವನನ್ನೇ ಕರೆಸಿ ಅವನ ಕತ್ತಿಗೂ ಸುತ್ತಿದ್ದಾರೆ. ಅವನು ಎಡಕ್ಕೆ ತಿರುಗಿ ಒಂದು ಸಾಲು, ಬಲಕ್ಕೆ ತಿರುಗಿ ಒಂದು ಸಾಲು ಹಾಡಿ, ಇದನ್ನು ಬಿಚ್ಚುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ಬಟ್ಟೆಗೆ ಕತ್ತರಿ ಬಿದ್ದಾಗಿದೆ.

“ಮುಖ್ಯಸ್ಥೆ ನಿನ್ನ ಪೂರ್ತಿ ಹೆಸರು ಕೇಳ್ತಿದಾರೆ ಅಕ್ಕ, ಅಚ್ಚಿಗೆ ಕೊಡೋಕೆ.”

ದೊಡ್ಡವಳು ತನ್ನ ಹೆಸರು ಹೇಳಿದಳು. ತಪ್ಪು ಹೇಳಿದೆನೇನೋ ಎಂದು ಇನ್ನೊಮ್ಮೆ ಹೇಳಿದಳು.

“ಹಾಗಾದ್ರೆ ಯಂತ್ರದ ಬಾಡಿಗೆ ನಾನು ಕೊಡಲ್ಲ,” ಅಂದ ಎದುರಂಗಡಿಯವನು ಅಂಗಿಗಳನ್ನು ಮಡಿಸುತ್ತಾ. “ನಿಮಗೆ ನನ್ನಿಂದ ಅದೃಷ್ಟ ಬಂತು.”

ಅವನು ಹೋದ ಮೇಲೆ ಅಂಗಡಿಯಲ್ಲಿ ಇಸ್ತ್ರಿಯ ಹಬೆಯ ಸದ್ದೊಂದೇ ಉಳಿಯಿತು. ಅಪ್ಪ ಸ್ಟೂಲಿನಿಂದ ಇಳಿದ. ಗೋಡೆಯ ಮೇಲಿನ ಪಾಸ್‌ವರ್ಡ್ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೆ ಬೂದು ಕೋಟನ್ನು ಬಿಚ್ಚಿ ಕತ್ತರಿಸುವ ಮೇಜಿನ ಮೇಲೆ ಹಾಸಿದ. ಹಗಲು ಹೊತ್ತಿನಲ್ಲಿ, ಅಂಗಡಿಯೊಳಗೆ, ಅವನು ಕೋಟು ಬಿಚ್ಚಿದ್ದನ್ನು ಅವಳು ನೋಡಿರಲಿಲ್ಲ.

“ಇದರ ಗುಂಡಿ ಸ್ವಲ್ಪ ಒಳಗೆ ಹಾಕು,” ಅಂದ. “ಹಳೇ ಬಟ್ಟೆ. ಜಗ್ಗಿಬಿಟ್ಟಿದೆ.”

“ಎಷ್ಟು ಒಳಗೆ ಅಪ್ಪ?”

“ನನ್ನನ್ಯಾಕೆ ಕೇಳ್ತೀಯ? ಟೇಪಿಲ್ವಾ ನಿನ್ನ ಹತ್ರ?” ಬರೀ ಅಂಗಿಯಲ್ಲಿ ಕೈಕಟ್ಟಿ ನಿಂತು, ಗಾಜಿನ ಬಾಗಿಲಿನಾಚೆ ನೋಡುತ್ತಾ ಅಂದ: “ಅವಸರ ಏನಿಲ್ಲ. ನಿಧಾನವಾಗಿ ಮಾಡು.”

ಅವಳು ಸೂಜಿಗೆ ದಾರ ಪೋಣಿಸಿದಳು. ಮೂರು ಸಲ ಅಳೆದಳು. ಗುಂಡಿಗಳನ್ನು ಬಿಚ್ಚಿ ಹೊಸ ಜಾಗಕ್ಕೆ ಹಾಕಿದಳು, ಒಂದೊಂದೇ. ಕೋಟು ಮತ್ತೆ ತೊಟ್ಟಾಗ ಅಪ್ಪ ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿ, “ಈಗ ಸರಿ. ನಲವತ್ತಕ್ಕೆ ಕೂರಬೇಕಾದ ಹಾಗೆ ಕೂತಿದೆ,” ಅಂದ.

ನಾಟಕದ ಹಾಳೆ ಈಗ ಅಂಗಡಿಯ ಗೋಡೆಯಲ್ಲಿದೆ, ಪಾಸ್‌ವರ್ಡ್ ಚೀಟಿ ಇದ್ದ ಜಾಗದಲ್ಲಿ. ಎದುರಂಗಡಿಯ ಕಿಟಕಿಯಲ್ಲಿ ಮೂರು ತುಂಡಿನ ಕಾಲರು ಇದುವರೆಗೆ ಕಾಣಿಸಿಕೊಂಡಿಲ್ಲ. ಇಷ್ಟು ಖಚಿತವಾಗಿ ಹೇಳಬಹುದು. ಆದರೆ ಆ ಮಧ್ಯಾಹ್ನ ಫೋನಿನ ಮುಂದೆ ನಿಂತಾಗ ಅಪ್ಪನಿಗೆ ತನ್ನದೇ ಗುಟ್ಟಿನ ಮಾತು ತನ್ನ ಮೇಲೆಯೇ ಬಿದ್ದದ್ದು ಕೇಳಿಸಿತೋ, ಎದುರಂಗಡಿಯವನನ್ನು ಕಾಯುವ ಭರದಲ್ಲಿ ತಪ್ಪಿಹೋಯಿತೋ, ಅಥವಾ ಬೆಳಿಗ್ಗೆ ಟೇಪು ಎದೆಗೆ ಬಂದಾಗಲೇ ಎಲ್ಲ ತಿಳಿದು ಮಗಳ ಮನಸ್ಸಿಗೆ ನೋವಾಗಬಾರದೆಂದು ಸುಮ್ಮನಿದ್ದನೋ, ಗೊತ್ತಿಲ್ಲ. ಅಕ್ಕತಂಗಿಯರು ಕೇಳಿಲ್ಲ. ಅಪ್ಪನೂ ಹೇಳಿಲ್ಲ.